ಆಶುಮೃತಕ: ರುದ್ರಪಟ್ಟಣದಿಂದ ಹಾಸನದ ಬಸ್ ನಿಲ್ದಾಣಕ್ಕೆ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಅಂದರೆ ನಮ್ಮ ಸೀಮೆಯವರಿಗೆ ಸಂಗೀತದ ಊರು. ಕಾವೇರಿ ದಡದ ಈ ಸಂಕೇತಿಗಳ ಗ್ರಾಮದಲ್ಲಿ ಹುಟ್ಟಿದ ವಿದ್ವಾಂಸರ ಹೆಸರು ಎಣಿಸುತ್ತಾ ಕೂತರೆ ಹೊತ್ತು ಸಾಲದು, ಆರ್.ಕೆ. ಶ್ರೀಕಂಠನ್ ಅವರೊಬ್ಬರ ಹೆಸರು ಹೇಳಿದರೂ ಊರಿನ ಘನತೆ ತಿಳಿಯುತ್ತದೆ. ತಂಬೂರಿಯ ಆಕಾರದಲ್ಲಿ ಕಟ್ಟಿದ ದೇವಸ್ಥಾನ ನೋಡಲು ಹೊಳೆನರಸೀಪುರದಿಂದ, ಹಾಸನದಿಂದ ಜನ ಹೋಗಿ ಬರುತ್ತಾರೆ. ಹಾಗೆ ಹೋದವರಲ್ಲಿ ಬಹಳ ಮಂದಿಗೆ ಈ ಊರಿನ ಇನ್ನೊಬ್ಬ ಮಗನ ನೆನಪು ಬರುವುದಿಲ್ಲ. 1868ರಲ್ಲಿ ಇಲ್ಲಿ ಹುಟ್ಟಿದ ಶಾಮಶಾಸ್ತ್ರಿಗಳು ಹಾಡಲಿಲ್ಲ. ಅವರು ಓದಿದರು. ಅವರು ಓದಿ ಬೆಳಕಿಗೆ ತಂದ ಒಂದು ಗ್ರಂಥದೊಳಗೆ, ಹಠಾತ್ತನೆ ಸತ್ತವರ ಶವವನ್ನು ಹೇಗೆ ಪರೀಕ್ಷಿಸಬೇಕು ಎಂದು ತಿಳಿಸುವ ಒಂದು ಪುಟ್ಟ ಅಧ್ಯಾಯವಿದೆ. ಭಾರತದ ವಿಧಿವಿಜ್ಞಾನದ ಚರಿತ್ರೆಯನ್ನು ಯಾರೇ ಬರೆದರೂ ಆ ಅಧ್ಯಾಯದಿಂದಲೇ ಶುರುಮಾಡಬೇಕು. ಅಂದರೆ ರುದ್ರಪಟ್ಟಣದ ಹೆಸರು ಅಲ್ಲಿ ಬರಲೇಬೇಕು.

ಊರಿನ ಪಾಠ ಮುಗಿಸಿ ಮೈಸೂರಿಗೆ ಹೋದ ಶಾಮಶಾಸ್ತ್ರಿಗಳು ಸಂಸ್ಕೃತದಲ್ಲಿ ವಿದ್ವತ್ ಮಾಡಿದರು, 1889ರಲ್ಲಿ ಮದರಾಸು ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನೂ ಪಡೆದರು. ದಿವಾನ್ ಶೇಷಾದ್ರಿ ಅಯ್ಯರ್ ಅವರು ಈ ತರುಣನ ಯೋಗ್ಯತೆಯನ್ನು ಗುರುತಿಸಿ ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ಗ್ರಂಥಪಾಲಕರನ್ನಾಗಿ ತಂದರು. 1891ರಲ್ಲಿ ಶುರುವಾದ ಆ ಭಂಡಾರವೇ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟನ್ನು ಅಲ್ಲಿಗೆ ತಂದುಕೊಟ್ಟರು. ಗ್ರಂಥಲಿಪಿಯಲ್ಲಿದ್ದ ಆ ಕಟ್ಟು ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಎಲ್ಲರಿಗೂ ಗೊತ್ತಿತ್ತು, ಹಳೆಯ ಟೀಕೆಗಳಲ್ಲಿ ಅಲ್ಲೊಂದು ಇಲ್ಲೊಂದು ಉಲ್ಲೇಖ ಸಿಗುತ್ತಿತ್ತು; ಇಡೀ ಗ್ರಂಥ ಮಾತ್ರ ಕಳೆದೇಹೋಗಿದೆ ಎಂದು ವಿದ್ವಾಂಸರು ಕೈಬಿಟ್ಟಿದ್ದರು. ಶಾಸ್ತ್ರಿಗಳು 1905ರಿಂದ ಅದರ ಭಾಗಗಳನ್ನು ಇಂಗ್ಲಿಷಿಗೆ ತಂದು ಪ್ರಕಟಿಸತೊಡಗಿದರು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಪೂರ್ತಿ ಅನುವಾದ ಪುಸ್ತಕವಾಗಿ ಬಂತು. ಮುಂದೆ ಮೈಸೂರಿನ ಮಹಾರಾಜರು ಜರ್ಮನಿಗೆ ಹೋಗಿದ್ದಾಗ, ನೀವು ಶಾಮಶಾಸ್ತ್ರಿಗಳ ಮೈಸೂರಿನವರೇ ಎಂದು ಅಲ್ಲಿನವರು ಕೇಳಿದರಂತೆ ಎಂಬ ಕತೆಯನ್ನು ಮೈಸೂರಿನ ಹಿರಿಯರು ಈಗಲೂ ಹೇಳುತ್ತಾರೆ.

ತಾಳೆಗರಿ ಓದುವುದೆಂದರೆ ಏನೆಂದು ಕಣ್ಣಾರೆ ನೋಡಿದವರಿಗೆ ಗೊತ್ತು. ಲೋಹದ ಕಂಟದಿಂದ ಕೊರೆದ ಅಕ್ಷರ ಹಾಗೇ ನೋಡಿದರೆ ಕಾಣುವುದಿಲ್ಲ, ಒಣಗಿದ ಎಲೆಯ ಮೇಲಿನ ಗೀರಿನ ಹಾಗಿರುತ್ತದೆ. ಗರಿಯ ಧೂಳು ಒರೆಸಿ, ಮಸಿ ಸವರಿ ಬಟ್ಟೆಯಿಂದ ಉಜ್ಜಿದರೆ ಕೊರೆದ ಜಾಗದಲ್ಲಿ ಮಾತ್ರ ಕಪ್ಪು ನಿಂತು ಅಕ್ಷರ ಮೇಲೇಳುತ್ತದೆ. ಗರಿ ಮುರಿಯದಿರಲೆಂದು ಎಣ್ಣೆ ಸವರುತ್ತಾರೆ. ಮೈಸೂರಿನ ಆ ಭಂಡಾರದೊಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಆ ಎಣ್ಣೆಯ ನಿಂಬೆಹುಲ್ಲಿನಂಥ ವಾಸನೆಯೇ. ಈ ಎಣ್ಣೆಯ ಮಾತು ಯಾಕೆ ಹೇಳಿದೆನೆಂದರೆ, ಕೌಟಿಲ್ಯನ ಶವಪರೀಕ್ಷೆ ಶುರುವಾಗುವುದೂ ಎಣ್ಣೆಯಿಂದಲೇ. ಹಠಾತ್ತನೆ ಸತ್ತವನ ದೇಹಕ್ಕೆ ಎಣ್ಣೆ ಸವರಿ ನಂತರ ಪರೀಕ್ಷಿಸಿ ಎನ್ನುತ್ತಾನೆ ಅವನು. ಮಾಸಿದ ಗೀರು ಎದ್ದು ಕಾಣಲಿ ಎಂಬುದೇ ಉದ್ದೇಶವಿರಬೇಕು ಎಂದು ನನ್ನ ಎಣಿಕೆ. ದೇಹವನ್ನೂ ಗರಿಯ ಹಾಗೆ ಓದಬೇಕು.

ಗ್ರಂಥದ ನಾಲ್ಕನೆಯ ಅಧಿಕರಣದ ಹೆಸರು ಕಂಟಕಶೋಧನ, ನಾಡಿನ ಮುಳ್ಳು ಕೀಳುವ ಕೆಲಸ. ಅದರ ಏಳನೆಯ ಅಧ್ಯಾಯ ಆಶುಮೃತಕಪರೀಕ್ಷೆ. ಆಶು ಎಂದರೆ ಬೇಗ. ಆಶುಮೃತಕ ಎಂದರೆ ನೋಡನೋಡುತ್ತಿದ್ದಂತೆ ಸತ್ತುಹೋದವನು. ನಮ್ಮ ಪೊಲೀಸರು ಇಂದು ಅಸಹಜ ಸಾವು ಎಂದು ಬರೆದುಕೊಳ್ಳುತ್ತಾರಲ್ಲ, ಅದೇ. ಉಸಿರು ಕಟ್ಟಿಸಿ ಕೊಂದರೆ ಮೈಮೇಲೆ ಏನು ಕಾಣುತ್ತದೆ, ನೇಣಿನಿಂದ ಸತ್ತರೆ ಕೈಕಾಲು, ಹೊಟ್ಟೆ, ಕಣ್ಣು ಹೇಗಿರುತ್ತವೆ, ನೀರಿಗೆ ಬಿದ್ದವನ ನಾಲಿಗೆ ಏನಾಗಿರುತ್ತದೆ, ಎತ್ತರದಿಂದ ತಳ್ಳಿದವನ ಮೂಳೆ ಹೇಗೆ ಮುರಿದಿರುತ್ತದೆ, ವಿಷ ಉಂಡವನ ಉಗುರು, ಹಲ್ಲು, ಚರ್ಮದ ಬಣ್ಣ ಯಾವುದು, ಹಾವು ಕಚ್ಚಿದವನಿಗೂ ವಿಷ ಉಂಡವನಿಗೂ ವ್ಯತ್ಯಾಸ ಎಲ್ಲಿದೆ ಎಂದು ಒಂದೊಂದೇ ಸಾಲಿನಲ್ಲಿ ಹೇಳುತ್ತಾ ಹೋಗುತ್ತಾನೆ. ನಡುವೆ ಅವನು ಕೊಡುವ ಎಚ್ಚರಿಕೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ: ಬೇರೆ ರೀತಿಯಲ್ಲಿ ಕೊಂದು, ಶಿಕ್ಷೆಯ ಭಯಕ್ಕೆ ಕುತ್ತಿಗೆಗೆ ಹಗ್ಗದ ಗುರುತು ಮಾಡಿ, ತಾನೇ ನೇಣು ಹಾಕಿಕೊಂಡ ಎಂದು ತೋರಿಸುವವರಿರುತ್ತಾರೆ, ನೋಡಿಕೊಳ್ಳಿ ಎನ್ನುತ್ತಾನೆ.

ಇಂದಿಗೂ ತಾಲ್ಲೂಕು ಆಸ್ಪತ್ರೆಯ ಶವಾಗಾರದಲ್ಲಿ ವೈದ್ಯರು ದಿನವೂ ಎದುರಿಸುವ ಪ್ರಶ್ನೆ ಇದೇ. ಬದುಕಿದ್ದಾಗಲೇ ನೇಣಾದರೆ ದೇಹದ ಭಾರಕ್ಕೆ ಹಗ್ಗ ಮೇಲಕ್ಕೆ ಜಗ್ಗುತ್ತದೆ; ಗುರುತು ಗದ್ದದ ಕೆಳಗೆ ಎತ್ತರದಲ್ಲಿ ಓರೆಯಾಗಿ ಸಾಗಿ ಗಂಟಿನ ಹತ್ತಿರ ತಪ್ಪಿಹೋಗುತ್ತದೆ. ಹಿಂದಿನಿಂದ ಬಿಗಿದು ಕೊಂದರೆ ಗುರುತು ಕೆಳಗೆ, ಅಡ್ಡಕ್ಕೆ, ಸುತ್ತಲೂ ಬಳೆಯಂತೆ ಬೀಳುತ್ತದೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಇಂದು ಇದನ್ನು ಚಿತ್ರ ಬರೆದು ಹೇಳಿಕೊಡುತ್ತಾರೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಒಬ್ಬ ಇದನ್ನು ಚಿತ್ರವಿಲ್ಲದೆ ಕೇಳಿದ್ದ.

ಎರಡು ಸಾವಿರ ಎಂದು ಅಂದಾಜಿಗೆ ಹೇಳಿದೆ. ಪರಂಪರೆಯ ಪ್ರಕಾರ ಕೌಟಿಲ್ಯನೆಂದರೆ ಚಂದ್ರಗುಪ್ತ ಮೌರ್ಯನ ಮಂತ್ರಿ ಚಾಣಕ್ಯ. ಈಗಿನ ವಿದ್ವಾಂಸರಲ್ಲಿ ಬಹುಪಾಲು ಜನ ಗ್ರಂಥ ಈಗಿನ ರೂಪಕ್ಕೆ ಬಂದದ್ದು ಮೌರ್ಯರ ನಂತರ ಎನ್ನುತ್ತಾರೆ. ಥಾಮಸ್ ಟ್ರಾಟ್‌ಮನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗ್ರಂಥದೊಳಗಿನ ‘ಚ’, ‘ವಾ’, ‘ಏವ’ ಮುಂತಾದ ಪುಟ್ಟ ಪದಗಳನ್ನು ಎಣಿಸಿ, ಇದು ಒಬ್ಬನೇ ಬರೆದದ್ದಲ್ಲ ಎಂದು ವಾದಿಸಿದರು. ಬರೆಯುವವನು ಎಷ್ಟೇ ಎಚ್ಚರವಹಿಸಿದರೂ ಇಂಥ ಪುಟ್ಟ ಪದಗಳಲ್ಲಿ ಅವನ ಅಭ್ಯಾಸ ಹೊರಬೀಳುತ್ತದೆ. ಬೆದರಿಕೆ ಪತ್ರ ಬರೆದವನನ್ನು ಹಿಡಿಯಲು ಇಂದು ಬಳಸುವ ಉಪಾಯವೂ ಇದೇ ಜಾತಿಯದು.

ಚಂದ್ರಗುಪ್ತನ ಹೆಸರು ಬಂದಮೇಲೆ ನಮ್ಮ ಜಿಲ್ಲೆಯವರು ಚನ್ನರಾಯಪಟ್ಟಣ ತಾಲ್ಲೂಕನ್ನು ಬಿಟ್ಟು ಮುಂದೆ ಹೋಗಲಾರೆವು. ಅವನು ರಾಜ್ಯ ತೊರೆದು ಭದ್ರಬಾಹು ಮುನಿಗಳ ಜೊತೆ ಶ್ರವಣಬೆಳಗೊಳಕ್ಕೆ ಬಂದು, ಚಿಕ್ಕಬೆಟ್ಟದ ಮೇಲೆ ಸಲ್ಲೇಖನದಿಂದ ದೇಹ ಬಿಟ್ಟ ಎಂದು ಜೈನ ಪರಂಪರೆ ನಂಬಿದೆ. ಅದೇ ಪರಂಪರೆಯ ಇನ್ನೊಂದು ಕತೆಯಲ್ಲಿ ಚಾಣಕ್ಯ ರಾಜನಿಗೆ ಗೊತ್ತಾಗದಂತೆ ದಿನಾ ಊಟದಲ್ಲಿ ಚೂರುಚೂರೇ ವಿಷ ಬೆರೆಸುತ್ತಿದ್ದನಂತೆ, ಶತ್ರುವಿನ ವಿಷ ತಾಗದಿರಲಿ ಎಂದು. ಒಂದು ದಿನ ತುಂಬು ಬಸುರಿ ರಾಣಿ ದುರ್ಧರಾ ಅದೇ ತಟ್ಟೆಯಿಂದ ಉಂಡು ಸತ್ತಳು, ಹೊಟ್ಟೆ ಸೀಳಿ ಮಗುವನ್ನು ಉಳಿಸಿದರು, ಆ ಮಗುವೇ ಬಿಂದುಸಾರ. ಇದು ಕತೆ, ಚರಿತ್ರೆಯೆಂದು ಹೇಳುತ್ತಿಲ್ಲ. ಆದರೆ ಒಂದೇ ಜಿಲ್ಲೆಯೊಳಗೆ ಒಂದು ಕಡೆ ಆ ರಾಜನ ಬೆಟ್ಟ, ಇನ್ನೊಂದು ಕಡೆ ಅವನ ಮಂತ್ರಿಯ ಗ್ರಂಥವನ್ನು ಮರಳಿ ಕೊಟ್ಟ ಪಂಡಿತರ ಊರು ಇರುವುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅಧ್ಯಾಯಕ್ಕೆ ಮರಳುತ್ತೇನೆ. ವಿಷದ ಅನುಮಾನವಿದ್ದರೆ ಹೊಟ್ಟೆಯಲ್ಲಿ ಉಳಿದ ಊಟವನ್ನು ತೆಗೆದು ಪರೀಕ್ಷಿಸಬೇಕು; ಬೆಂಕಿಗೆ ಹಾಕಿದಾಗ ಚಿಟಿಚಿಟಿ ಸದ್ದು ಬಂದು ಕಾಮನಬಿಲ್ಲಿನ ಬಣ್ಣ ಕಂಡರೆ ವಿಷವೆಂದು ತಿಳಿಯಬೇಕು ಎಂಬ ಮಾತು ಅಲ್ಲಿದೆ. ಕೆಲವು ಲೋಹದ ಲವಣಗಳು ಉರಿಗೆ ಬಣ್ಣ ಕೊಡುವುದು ನಿಜ. ಇದನ್ನು ನಂಬಿ ಯಾರನ್ನೂ ಶಿಕ್ಷಿಸಲಾಗದು ಎಂಬುದೂ ಅಷ್ಟೇ ನಿಜ. ಆ ಅಧ್ಯಾಯದಲ್ಲಿ ಒಪ್ಪಲಾಗದ ಕ್ರೌರ್ಯವೂ ಇದೆ: ಆತ್ಮಹತ್ಯೆ ಮಾಡಿಕೊಂಡವರ ಶವವನ್ನು ಹಗ್ಗ ಕಟ್ಟಿ ಬೀದಿಯಲ್ಲಿ ಎಳೆಸಬೇಕೆನ್ನುತ್ತದೆ. ಅದಕ್ಕೆ ಸಮಜಾಯಿಷಿ ಹುಡುಕುವುದು ಬೇಡ. ಉಳಿಯುವಂಥದ್ದು ಅದರ ಪ್ರಶ್ನೆಗಳು. ಸತ್ತವನನ್ನು ಕರೆದವರು ಯಾರು? ಯಾರ ಜೊತೆ ಹೊರಟಿದ್ದ? ಎಲ್ಲಿ ಇಳಿದುಕೊಂಡಿದ್ದ? ಈ ಜಾಗಕ್ಕೆ ಯಾರು ಕರೆತಂದರು? ಅವನ ಮೈಮೇಲಿದ್ದ ಬಟ್ಟೆ, ಒಡವೆ, ಪ್ರಯಾಣದ ಸಾಮಾನು ಯಾವುವು, ಅವನ್ನು ಕೊಟ್ಟವರು, ಮಾಡಿದವರು ಯಾರು? ಈ ಪ್ರಶ್ನೆಗಳನ್ನು ಓದುಗರು ಒಂದಿಷ್ಟು ನೆನಪಿಟ್ಟುಕೊಳ್ಳಬೇಕು. ಹಾಸನಕ್ಕೆ ಬಂದಾಗ ಮತ್ತೆ ಬೇಕಾಗುತ್ತವೆ.

ಇದರ ಬೆನ್ನಿಗೇ ಬರುವ ಎಂಟನೆಯ ಅಧ್ಯಾಯ ಬದುಕಿದ್ದವರನ್ನು ವಿಚಾರಿಸುವ ಬಗೆಗೆ, ಬಾಯಿ ಬಿಡಿಸಲು ಕೊಡುವ ಹಿಂಸೆಯ ಬಗೆಗೆ. ಅಪರಾಧ ತನಿಖೆಯ ಎರಡು ದಾರಿಗಳು ಹೀಗೆ ಅಕ್ಕಪಕ್ಕ ಇವೆ. ಒಂದು, ಸತ್ತವರನ್ನೂ ವಸ್ತುಗಳನ್ನೂ ಕೇಳುವುದು. ಇನ್ನೊಂದು, ಸಿಕ್ಕಿದವನನ್ನು ಹಿಡಿದು ಬಾರಿಸುವುದು. ಲೋಕದ ಎಲ್ಲ ಕಡೆಯೂ ಶತಮಾನಗಟ್ಟಲೆ ಎರಡನೆಯದೇ ಗೆದ್ದಿತು. ಆದರೆ ಚೀನಾದ ಸೊಂಗ್ ಸಿ ಎಂಬ ನ್ಯಾಯಾಧಿಕಾರಿ 1247ರಲ್ಲಿ ಶವಪರೀಕ್ಷೆಗೆಂದೇ ಒಂದು ಪುಸ್ತಕ ಬರೆದ. ಅದರಲ್ಲೊಂದು ಪ್ರಸಂಗ: ಹಳ್ಳಿಯಲ್ಲಿ ಕುಡುಗೋಲಿನಿಂದ ಕೊಲೆಯಾಗಿದೆ, ಒಪ್ಪುವವರಿಲ್ಲ. ಅಧಿಕಾರಿ ಎಲ್ಲರ ಕುಡುಗೋಲನ್ನೂ ತರಿಸಿ ಬಿಸಿಲಿನಲ್ಲಿ ಇಡಿಸಿದ. ಒಂದೇ ಒಂದು ಕುಡುಗೋಲಿಗೆ ನೊಣ ಮುತ್ತಿದವು. ತೊಳೆದರೂ ಹೋಗದ ರಕ್ತದ ವಾಸನೆಯನ್ನು ನೊಣ ಹಿಡಿದಿತ್ತು. ಯಾರಿಗೂ ಒಂದು ಏಟು ಬೀಳಲಿಲ್ಲ.

ಆಧುನಿಕ ವಿಧಿವಿಜ್ಞಾನ ಹುಟ್ಟಿದ್ದು ವಿಷದ ಕಾಟದಿಂದ. ಯುರೋಪಿನಲ್ಲೂ ನಮ್ಮಲ್ಲೂ ಹತ್ತೊಂಬತ್ತನೆಯ ಶತಮಾನದ ಕೊಲೆಗಾರರ ಅಚ್ಚುಮೆಚ್ಚಿನ ವಿಷ ಬಿಳಿ ಪಾಷಾಣ, ಅಂದರೆ ಆರ್ಸೆನಿಕ್. ಬಣ್ಣವಿಲ್ಲ, ರುಚಿಯಿಲ್ಲ, ಸತ್ತರೆ ವಾಂತಿಭೇದಿ ಎಂದು ಸುಟ್ಟುಬಿಡಬಹುದು. ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ಒಂದು ಕೊಲೆ ಮೊಕದ್ದಮೆಯಲ್ಲಿ ಕಾಫಿಯೊಳಗಿನ ಆರ್ಸೆನಿಕ್ ಕಂಡುಹಿಡಿದ. ನ್ಯಾಯಾಲಯಕ್ಕೆ ತರುವಷ್ಟರಲ್ಲಿ ಅವನು ಸಿದ್ಧಮಾಡಿದ ಹಳದಿ ಗಸಿ ಕೆಟ್ಟುಹೋಗಿ ಆರೋಪಿ ಬಿಡುಗಡೆಯಾದ. ಆ ಸಂಕಟದಿಂದಲೇ ಅವನು 1836ರಲ್ಲಿ ಹೊಸ ಪರೀಕ್ಷೆ ಪ್ರಕಟಿಸಿದ. ಅದರಲ್ಲಿ ಆರ್ಸೆನಿಕ್ ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಪದರವಾಗಿ ಕೂರುತ್ತದೆ, ಕೆಡುವುದಿಲ್ಲ. ನಾಲ್ಕೇ ವರ್ಷಕ್ಕೆ ಪ್ಯಾರಿಸ್ಸಿನ ಓರ್ಫಿಲಾ ಇದೇ ಪರೀಕ್ಷೆಯನ್ನು ಲಫಾರ್ಜ್ ಮೊಕದ್ದಮೆಯಲ್ಲಿ ಬಳಸಿದ. ದಕ್ಷಿಣ ಭಾರತಕ್ಕೆ ಈ ವಿದ್ಯೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1849ರಲ್ಲಿ ಮದರಾಸಿನಲ್ಲಿ ಕೆಮಿಕಲ್ ಎಕ್ಸಾಮಿನರ್ ಪ್ರಯೋಗಾಲಯ ತೆರೆಯಿತು, ದೇಶದಲ್ಲೇ ಮೊದಲನೆಯದು. ಕಲ್ಕತ್ತ, ಆಗ್ರಾ, ಬೊಂಬಾಯಿ ನಂತರ ಬಂದವು.

ನಮ್ಮ ಹಳ್ಳಿಗಳಲ್ಲಿ ‘ಮದ್ದು ಹಾಕಿದ್ದಾರೆ’ ಎಂಬ ಒಂದು ಮಾತಿದೆ. ಮಗ ಸೊರಗಿದರೆ ಸೊಸೆ ಕೈಮದ್ದು ಹಾಕಿದಳು ಎನ್ನುತ್ತಾರೆ, ಮದ್ದು ಕಕ್ಕಿಸುವವರ ಹತ್ತಿರ ಕರೆದೊಯ್ಯುತ್ತಾರೆ. ಈ ಒಂದು ಮಾತಿನಿಂದ ಎಷ್ಟು ಹೆಣ್ಣುಮಕ್ಕಳ ಬಾಳು ಹಾಳಾಗಿದೆಯೋ. ರಸಾಯನಶಾಸ್ತ್ರ ನ್ಯಾಯಾಲಯದೊಳಗೆ ಬಂದದ್ದು ಕೊಲೆಗಾರರನ್ನು ಹಿಡಿಯಲು ಮಾತ್ರ ಅಲ್ಲ ಎಂದು ಹೇಳಬೇಕಾದ್ದು ಇಲ್ಲೇ. ವಿಷವಿಲ್ಲ ಎಂದು ಹೇಳಬಲ್ಲ ವಿದ್ಯೆಯೂ ಅದೇ.

ಬೆರಳಚ್ಚಿನ ಕತೆ ಬಹಳ ಮಂದಿಗೆ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಗುತ್ತಿಗೆದಾರನೊಬ್ಬನಿಂದ ಕರಾರುಪತ್ರದ ಮೇಲೆ ಅಂಗೈ ಅಚ್ಚು ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಅಚ್ಚುಗಳನ್ನು ವಿಂಗಡಿಸುವ ಲೆಕ್ಕ ಹಾಕಿಕೊಟ್ಟವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. ಜಲಪೈಗುರಿಯ ಚಹಾತೋಟದ ಮ್ಯಾನೇಜರ್ ಕೊಲೆಯಾದಾಗ ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ಕಂದು ಬಣ್ಣದ ಎರಡು ಕಲೆ ಸಿಕ್ಕವು. ಒಂದು ಕಲೆ ಹಳೆಯ ಕೆಲಸಗಾರನೊಬ್ಬನ ಹೆಬ್ಬೆರಳಿಗೆ ಹೊಂದಿತು. 1898ರ ತೀರ್ಪಿನಲ್ಲಿ ನ್ಯಾಯಾಲಯ ಅವನನ್ನು ಕಳ್ಳತನಕ್ಕೆ ಶಿಕ್ಷಿಸಿತು, ಕೊಲೆಗೆ ಶಿಕ್ಷಿಸಲಿಲ್ಲ. ಬೆರಳು ಪೆಟ್ಟಿಗೆ ಮುಟ್ಟಿದ್ದನ್ನು ಅಚ್ಚು ಹೇಳುತ್ತದೆ, ಕತ್ತಿ ಹಿಡಿದದ್ದನ್ನು ಹೇಳುವುದಿಲ್ಲ ಎಂಬ ಆ ವಿವೇಕ ನನಗೆ ಇಂದಿಗೂ ಮಾದರಿಯಾಗಿ ಕಾಣುತ್ತದೆ. ಮೈಸೂರಿನಲ್ಲಿ ಅರ್ಥಶಾಸ್ತ್ರದ ಮೂಲ ಅಚ್ಚಾದ ಮರುವರ್ಷ, 1910ರಲ್ಲಿ, ಫ್ರಾನ್ಸಿನ ಲಿಯಾನ್ ನಗರದ ನ್ಯಾಯಾಲಯದ ಅಟ್ಟದ ಮೇಲೆ ಎರಡು ಕೋಣೆ ಪಡೆದು ಎಡ್ಮಂಡ್ ಲೊಕಾರ್ ಪೊಲೀಸ್ ಪ್ರಯೋಗಾಲಯ ತೆರೆದ. ಎರಡು ವಸ್ತು ಒಂದಕ್ಕೊಂದು ತಾಗಿದರೆ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಅಂಟದೆ ಇರದು ಎಂಬುದು ಅವನ ಸೂತ್ರ. ಸ್ವತಂತ್ರ ಭಾರತದ ಮೊದಲ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ 1952ರಲ್ಲಿ ಕಲ್ಕತ್ತದಲ್ಲಿ ಆರಂಭವಾಯಿತು. ಕರ್ನಾಟಕದ್ದು ಬೆಂಗಳೂರಿನ ಮಡಿವಾಳದಲ್ಲಿದೆ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಗಳಲ್ಲಿ ಶಾಖೆಗಳಿವೆ.

ನಮ್ಮ ಠಾಣೆಗಳಲ್ಲಿ ‘ವಿಸೆರಾ ಎಫ್‌ಎಸ್‌ಎಲ್‌ಗೆ ಹೋಗಿದೆ’ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಈ ಪ್ರಯೋಗಾಲಯಕ್ಕೆ ಏನು ಹೋಗಿರುತ್ತದೆ? ವಿಷದ ಅನುಮಾನವಿದ್ದರೆ ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರು ಜಠರ ಮತ್ತು ಅದರೊಳಗಿರುವುದು, ಸಣ್ಣ ಕರುಳಿನ ಒಂದು ತುಂಡು, ಯಕೃತ್ತಿನ ಒಂದು ಭಾಗ, ಎರಡೂ ಮೂತ್ರಪಿಂಡಗಳಿಂದ ಅರ್ಧರ್ಧ, ಒಂದಿಷ್ಟು ರಕ್ತ ತೆಗೆದಿಡುತ್ತಾರೆ. ಅಗಲ ಬಾಯಿಯ ಬಾಟಲಿಯಲ್ಲಿ ಉಪ್ಪಿನ ಗಟ್ಟಿ ದ್ರಾವಣ, ಇನ್ನು ಉಪ್ಪು ಕರಗುವುದಿಲ್ಲ ಎನ್ನುವಷ್ಟು ಗಟ್ಟಿ. ಉಪ್ಪಿನಕಾಯಿ ಕೆಡದಿರುವುದು ಯಾವ ಕಾರಣಕ್ಕೋ ಇದೂ ಅದೇ ಕಾರಣಕ್ಕೆ ಕೆಡುವುದಿಲ್ಲ. ಬಾಯಿ ಕಟ್ಟಿ, ಅರಗು ಹಾಕಿ, ಮುದ್ರೆ ಒತ್ತುತ್ತಾರೆ. ಮುದ್ರೆಯ ಮಾದರಿ ಬೇರೆ ಕಾಗದದ ಮೇಲೆ ಹೋಗುತ್ತದೆ, ಬಳಸಿದ ಉಪ್ಪುನೀರಿನ ಮಾದರಿಯೂ ಬೇರೆ ಬಾಟಲಿಯಲ್ಲಿ ಹೋಗುತ್ತದೆ, ವಿಷ ಉಪ್ಪಿನಲ್ಲೇ ಇತ್ತು ಎಂದು ನಾಳೆ ಯಾರೂ ವಾದಿಸದಿರಲಿ ಎಂದು. ಅಲ್ಲಿಂದ ಪೇದೆಯೊಬ್ಬರು ಚೀಲದಲ್ಲಿಟ್ಟುಕೊಂಡು ಹೊರಡುತ್ತಾರೆ. ಇಡೀ ವಿಧಿವಿಜ್ಞಾನ ನಿಂತಿರುವುದು ಆ ಅರಗಿನ ಮುದ್ರೆಯ ಮೇಲೆ, ಯಾರಿಂದ ಯಾರ ಕೈಗೆ ಯಾವಾಗ ಹೋಯಿತು ಎಂಬ ಬರವಣಿಗೆಯ ಮೇಲೆ. ಯಂತ್ರ ಎಷ್ಟೇ ದೊಡ್ಡದಿದ್ದರೂ ಮುದ್ರೆ ಒಡೆದಿದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ.

ಈಗ ಹಾಸನದ ಬಸ್ ನಿಲ್ದಾಣ. 2009ರ ಜೂನ್. ಮಹಿಳೆಯರ ಶೌಚಾಲಯದೊಳಗೆ ಒಬ್ಬ ಯುವತಿ ಸತ್ತುಬಿದ್ದಿದ್ದಳು. ಬಂಟ್ವಾಳ ತಾಲ್ಲೂಕಿನ ಹುಡುಗಿ, ವಯಸ್ಸು ಇಪ್ಪತ್ತೆರಡರ ಆಸುಪಾಸು. ಗುರುತು ಹಚ್ಚುವವರು ಯಾರೂ ಇರಲಿಲ್ಲ. ಇಂಥ ಸಾವು ಇದೇ ಮೊದಲಾಗಿರಲಿಲ್ಲ. ಕೆಲವು ವರ್ಷಗಳಿಂದ ಮೈಸೂರು, ಬೆಂಗಳೂರು, ಮಡಿಕೇರಿಯ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಒಳ್ಳೆಯ ಸೀರೆ ಉಟ್ಟ, ಮೈಮೇಲೆ ಒಡವೆಯಿಲ್ಲದ ಯುವತಿಯರ ಶವಗಳು ಸಿಗುತ್ತಿದ್ದವು. ಬಾಗಿಲಿಗೆ ಒಳಗಿನಿಂದ ಚಿಲಕ. ಬೇರೆಯವರು ಬಂದ ಗುರುತಿಲ್ಲ, ಗಾಯವಿಲ್ಲ. ಆತ್ಮಹತ್ಯೆ ಎಂದೋ ಅಸಹಜ ಸಾವು ಎಂದೋ ಬರೆದು, ಅಪರಿಚಿತ ಶವ ಎಂದು ಸಂಸ್ಕಾರ ಮಾಡಿ, ಕಡತ ಕಟ್ಟಿಡಲಾಗುತ್ತಿತ್ತು. ಒಂದೊಂದು ಊರಿಗೂ ಅದು ಒಂದೊಂದೇ ಸಾವು.

ಕೆಲವು ಶವಗಳ ವಿಸೆರಾದಲ್ಲಿ ಪ್ರಯೋಗಾಲಯಕ್ಕೆ ಸಿಕ್ಕಿದ್ದು ಸೈನೈಡ್. ಇದು ರಕ್ತದಲ್ಲಿ ಪ್ರಾಣವಾಯು ಇರುವಾಗಲೇ ಜೀವಕೋಶಗಳು ಅದನ್ನು ಬಳಸದಂತೆ ತಡೆಯುತ್ತದೆ. ಬಳಕೆಯಾಗದ ಪ್ರಾಣವಾಯು ಉಳಿಯುವುದರಿಂದ ರಕ್ತ ಕಡುಗೆಂಪಾಗಿ ಕಾಣುತ್ತದೆ, ಸಾವು ನಿಮಿಷಗಳ ಲೆಕ್ಕ. ಕಹಿ ಬಾದಾಮಿಯ ವಾಸನೆ ಬರುತ್ತದೆ ಎನ್ನುತ್ತಾರೆ. ಆದರೆ ಹುಟ್ಟಿನಿಂದಲೇ ಆ ವಾಸನೆ ತಿಳಿಯದ ಮೂಗಿನವರು ಬಹಳ ಮಂದಿ ಇದ್ದಾರೆ, ವೈದ್ಯರಲ್ಲೂ ಇದ್ದಾರೆ. ಹಾಗಾಗಿ ನಂಬಬೇಕಾದ್ದು ಪ್ರಯೋಗಾಲಯವನ್ನೇ. ಅಲ್ಲಿ ಕಬ್ಬಿಣದ ಲವಣ ಸೇರಿಸಿ ಮಾಡುವ ಹಳೆಯ ಪರೀಕ್ಷೆಯಲ್ಲಿ ದ್ರಾವಣ ಕಡುನೀಲಿಗೆ ತಿರುಗಿದರೆ ಸೈನೈಡ್ ಇದೆಯೆಂದು ಅರ್ಥ. ಮನೆಯಲ್ಲಿ ಸಿಗುವ ವಿಷ ಅಲ್ಲ ಇದು. ಅಕ್ಕಸಾಲಿಗರ ಕೆಲಸಕ್ಕೆ, ಲೋಹಕ್ಕೆ ಮುಲಾಮು ಹಾಕುವವರಿಗೆ ಬೇಕಾದ್ದು. ಬೀಡಿ ಕಟ್ಟುವ, ಅಂಗನವಾಡಿಯಲ್ಲಿ ದುಡಿಯುವ ಬಡ ಹೆಣ್ಣುಮಕ್ಕಳಿಗೆ ಇದು ಎಲ್ಲಿ ಸಿಕ್ಕೀತು ಎಂಬ ಒಂದೇ ಪ್ರಶ್ನೆ ಕಡತ ಮುಚ್ಚದಂತೆ ತಡೆಯಬೇಕಿತ್ತು.

ಬಂಟ್ವಾಳದ ಹುಡುಗಿಯ ಊರಿನವರು ಸುಮ್ಮನೆ ಕೂರಲಿಲ್ಲ, ಗಲಾಟೆ ಎಬ್ಬಿಸಿದರು. ಪೊಲೀಸರು ಅವಳ ಫೋನ್ ಕರೆಗಳ ಪಟ್ಟಿ ಹಿಡಿದು ಹೊರಟರು. ಒಂದು ನಂಬರು ಇನ್ನೊಬ್ಬ ಕಾಣೆಯಾದ ಯುವತಿಯದ್ದು, ಅಲ್ಲಿಂದ ಮತ್ತೊಬ್ಬಳದ್ದು. ಸತ್ತವರ ಫೋನುಗಳೇ ಒಂದನ್ನೊಂದು ಕೈಹಿಡಿದು ಕರೆದುಕೊಂಡು ಹೋದ ಹಾಗೆ. 2009ರ ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದವನು ಮೋಹನ್ ಕುಮಾರ್, ಬಂಟ್ವಾಳ ತಾಲ್ಲೂಕಿನ ಕನ್ಯಾನದವನು, 2003ರವರೆಗೆ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ವರದಕ್ಷಿಣೆ ಕೊಡಲಾಗದೆ ಮದುವೆ ನಿಂತುಹೋದ ಮನೆಗಳ ಹೆಣ್ಣುಮಕ್ಕಳಿಗೆ ಮದುವೆಯ ಆಸೆ ತೋರಿಸಿ ದೂರದ ಊರಿಗೆ ಕರೆದೊಯ್ದು ಲಾಡ್ಜಿನಲ್ಲಿ ಉಳಿಯುತ್ತಿದ್ದ. ಬೆಳಗ್ಗೆ ಒಡವೆ ಬಿಚ್ಚಿಡಿಸಿ ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಮಾತ್ರೆ, ವಾಂತಿಯಾಗಬಹುದು, ಶೌಚಾಲಯಕ್ಕೆ ಹೋಗಿ ನುಂಗು ಎನ್ನುತ್ತಿದ್ದ. ಅವಳು ತಾನೇ ಚಿಲಕ ಹಾಕಿಕೊಳ್ಳುತ್ತಿದ್ದಳು. ಅವನು ಲಾಡ್ಜಿಗೆ ಮರಳಿ ಒಡವೆ ಎತ್ತಿಕೊಂಡು ಹೊರಡುತ್ತಿದ್ದ. ಅಕ್ಕಸಾಲಿಗನೆಂದು ಹೇಳಿಕೊಂಡು ಸೈನೈಡ್ ಕೊಳ್ಳುತ್ತಿದ್ದ. ಮಡಿಕೇರಿಯಲ್ಲಿ ಮಾತ್ರೆ ನುಂಗಿಯೂ ಬದುಕಿ ಉಳಿದ ಒಬ್ಬ ಮಹಿಳೆ ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಿದಳು. ಆ ತಾಯಿಯ ಧೈರ್ಯಕ್ಕೆ ನಾವು ಕೈಮುಗಿಯಬೇಕು.

2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೂರು ಕೊಲೆಗಳಲ್ಲಿ ಅವನಿಗೆ ಮರಣದಂಡನೆ ವಿಧಿಸಿತು. ಹಾಸನದಲ್ಲಿ ಸತ್ತ ಯುವತಿಯ ಪ್ರಕರಣದಲ್ಲಿ ಹೈಕೋರ್ಟ್ 2017ರ ಅಕ್ಟೋಬರ್‌ನಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. ಅವನ ಮೇಲಿದ್ದ 20 ಕೊಲೆ ಪ್ರಕರಣಗಳಲ್ಲಿ ಕೊನೆಯದರ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ.

ಈಗ ಕೌಟಿಲ್ಯನ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿಕೊಳ್ಳಿ. ಯಾರು ಕರೆದರು? ಯಾರ ಜೊತೆ ಬಂದಳು? ಎಲ್ಲಿ ಇಳಿದುಕೊಂಡಿದ್ದಳು? ಮೈಮೇಲಿನ ಒಡವೆ ಏನಾಯಿತು? ಮೊದಲ ಶವ ಸಿಕ್ಕ ದಿನ ಬಸ್ ನಿಲ್ದಾಣದ ಸುತ್ತಲಿನ ನಾಲ್ಕು ಲಾಡ್ಜುಗಳ ರಿಜಿಸ್ಟರ್ ತೆಗೆಸಿ ನೋಡಿದ್ದರೆ ಎಷ್ಟು ಜೀವ ಉಳಿಯುತ್ತಿದ್ದವೋ. ಪ್ರಯೋಗಾಲಯ ವಿಷದ ಹೆಸರು ಹೇಳಬಲ್ಲದು. ಉಳಿದದ್ದನ್ನು ಯಾರಾದರೂ ಕಾಲ್ನಡಿಗೆಯಲ್ಲಿ ಹೋಗಿ ಕೇಳಬೇಕು, ಒಂದು ಠಾಣೆಯ ಕಾಗದವನ್ನು ಇನ್ನೊಂದು ಠಾಣೆಯ ಕಾಗದದ ಪಕ್ಕ ಇಡಬೇಕು.

ಅಡ್ಡದಾರಿ ಹಿಡಿಯುವ ಆಸೆ ನಮ್ಮನ್ನು ಬಿಟ್ಟಿಲ್ಲ. ಅದೇ ವರ್ಷಗಳಲ್ಲಿ ಬೆಂಗಳೂರು ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು. ಆರೋಪಿಯ ನರಕ್ಕೆ ಪೆಂಟೋಥಾಲ್ ಚುಚ್ಚಿ, ಅರೆನಿದ್ದೆಯಲ್ಲಿ ಬಾಯಿಬಿಡಿಸುವುದು. ಬಡಿಗೆ ಹೋಗಿ ಸೂಜಿ ಬಂದಿತ್ತು ಅಷ್ಟೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು, ಸುಳ್ಳುಪತ್ತೆ, ಮಿದುಳು ಪರೀಕ್ಷೆ ಮಾಡಕೂಡದು ಎಂದು ತೀರ್ಪು ಕೊಟ್ಟಿತು. ಸಂವಿಧಾನದ 20ನೇ ವಿಧಿಯ ಮೂರನೆಯ ಖಂಡ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡಬಾರದೆನ್ನುತ್ತದೆ. ಕೌಟಿಲ್ಯನ ಎಂಟನೆಯ ಅಧ್ಯಾಯ ಬಿದ್ದು ಏಳನೆಯದು ಉಳಿಯಿತು ಎಂದು ನಾನು ಆ ತೀರ್ಪನ್ನು ಓದಿಕೊಂಡಿದ್ದೇನೆ.

ವಸ್ತುಗಳು ಎಷ್ಟು ಕಾಲ ಕಾದು ಕೂರಬಲ್ಲವು ಎಂಬುದಕ್ಕೆ ಹೊಳೆನರಸೀಪುರದವರು ದೂರ ಹೋಗಬೇಕಿಲ್ಲ. ಮಾಜಿ ಸಂಸದ ಪ್ರಜ್ವಲ್ ರೇವಣ್ಣ ವಿರುದ್ಧ ಮನೆಗೆಲಸದ ಮಹಿಳೆಯೊಬ್ಬರು ಕೊಟ್ಟ ಅತ್ಯಾಚಾರದ ದೂರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್‌ನಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಸೀರೆಯ ಮೇಲೆ ಉಳಿದಿದ್ದ ಡಿಎನ್‌ಎ ಮತ್ತು ವಿಡಿಯೊಗಳ ತಜ್ಞ ಪರೀಕ್ಷೆ ಅಲ್ಲಿನ ಮುಖ್ಯ ಸಾಕ್ಷ್ಯಗಳಲ್ಲಿ ಸೇರಿದ್ದವು. ತೀರ್ಪಿನ ವಿರುದ್ಧ ಹೈಕೋರ್ಟ್‌ಗೆ ಮೇಲ್ಮನವಿ ಹೋಗಿದೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡ ಡಿಎನ್‌ಎ ವಿದ್ಯೆಯನ್ನು ನಮ್ಮ ನ್ಯಾಯಾಲಯಗಳಿಗೆ ತಂದವರು ಹೈದರಾಬಾದಿನ ಲಾಲ್ಜಿ ಸಿಂಗ್. ಆ ವಿದ್ಯೆ ಒಂದು ಹಳೆಯ ಸೀರೆಯ ಮೂಲಕ ನಮ್ಮ ಊರಿನ ಮೊಕದ್ದಮೆಯೊಳಗೆ ಬಂತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್ ಪ್ರಕಾರ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಒಳ್ಳೆಯ ಕಾನೂನು. ಆದರೆ ಬಸ್ ನಿಲ್ದಾಣದ ಆ ಸಾವುಗಳು ಅಪರಾಧವೆಂದು ದಾಖಲಾಗಿರಲೇ ಇಲ್ಲ. ಅಸಹಜ ಸಾವು ಇಂದಿಗೂ ಬೇರೆ ಸೆಕ್ಷನ್ನಿನ ಕೆಳಗೆ, 194ರಲ್ಲಿ ಬರುತ್ತದೆ. ಅಲ್ಲಿ ತಜ್ಞರು ಬರಲೇಬೇಕೆಂಬ ಕಟ್ಟಳೆ ಇಲ್ಲ. ಕೌಟಿಲ್ಯ ಪರೀಕ್ಷೆಯನ್ನು ಶುರುಮಾಡಿದ್ದೇ ಅಲ್ಲಿಂದ, ಅಪರಾಧವೋ ಅಲ್ಲವೋ ಇನ್ನೂ ಗೊತ್ತಿಲ್ಲದ ಸಾವಿನಿಂದ.

ಕಾನೂನು ಬದಲಾಗುವವರೆಗೆ ನಮ್ಮ ಕೈಯಲ್ಲಿರುವ ಒಂದು ಕೆಲಸವಿದೆ. ಆ 20 ಮನೆಗಳಲ್ಲಿ ಕೆಲವರು ಮಗಳು ಯಾರ ಜೊತೆಗೋ ಹೋಗಿ ಸುಖವಾಗಿದ್ದಾಳೆ ಎಂದು ನಂಬಿದ್ದರು, ಕೆಲವರು ಮರ್ಯಾದೆಗೆ ಅಂಜಿ ದೂರು ಕೊಡಲಿಲ್ಲ. ದೂರಿಲ್ಲದ ಕಾರಣ ಶವಕ್ಕೆ ಹೆಸರು ಸಿಗಲಿಲ್ಲ, ಹೆಸರಿಲ್ಲದ ಕಾರಣ ತನಿಖೆ ಮುಂದೆ ಹೋಗಲಿಲ್ಲ. ಮನೆಯ ಹೆಣ್ಣುಮಗಳೋ ಗಂಡುಮಗನೋ ಹೇಳದೆ ಹೋಗಿ ಎರಡು ದಿನ ಸುದ್ದಿ ಇಲ್ಲವೆಂದರೆ, ಜನ ಏನೆಂದಾರು ಎಂದು ಕಾಯಬೇಡಿ. ಹೊಳೆನರಸೀಪುರವಾಗಲಿ, ಅರಕಲಗೂಡಾಗಲಿ, ಹತ್ತಿರದ ಠಾಣೆಗೆ ಹೋಗಿ ಕಾಣೆಯಾದವರ ದೂರು ಬರೆಸಿ. ಫೋಟೊ ಕೊಡಿ, ಉಟ್ಟ ಬಟ್ಟೆಯ ಬಣ್ಣ ಹೇಳಿ, ಮೈಮೇಲಿದ್ದ ಒಡವೆಯ ಪಟ್ಟಿ ಕೊಡಿ, ಫೋನ್ ನಂಬರು ಕೊಡಿ, ದೂರಿನ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ.